ಏಳಕ್ಕೆ ಆರು

ಕಂಪ್ಲಿ ಸೇತುವೆ ಮುಳುಗಿದೆಯಂತೆ, ಬಸ್ಸು ಈ ದಡದಲ್ಲೇ ನಿಂತಿತು.
ಕಂಡಕ್ಟರು ಬೀಡಿ ಹಚ್ಚಿದ. ನಾನು ಇಳಿದು
ಒಂದು ಬಂಡೆಯ ಮೇಲೆ ಕೂತೆ.
ಇಂಥದೇ ಬಂಡೆಯ ಮೇಲೆ ನನ್ನಜ್ಜ, ಸರಾಫ ವಿರುಪಣ್ಣ,
ನಾಣ್ಯ ಬಡಿದು ಕಿವಿಗೊಡುತ್ತಿದ್ದ.

ಆಗ ಹೊಳೆಯ ಆ ಕಡೆ ಒಂದು ಸರಕಾರ, ಈ ಕಡೆ ಒಂದು.
ಆ ಕಡೆ ಕಂಪ್ಲಿ, ಕಲ್ದಾರ ರೂಪಾಯಿ.
ಈ ಕಡೆ ಗಂಗಾವತಿ, ಹಾಲಿ ಸಿಕ್ಕ.
ಏಳು ಹಾಲಿಗೆ ಆರು ಕಲ್ದಾರ.
ಹರಿಗೋಲಿನ ಹುಸೇನಪ್ಪ ಮಾತ್ರ ಎರಡನ್ನೂ ಮುಟ್ಟುತ್ತಿರಲಿಲ್ಲ:
"ಒಂದರಾಗ ರಾಜನ ತಲಿ, ಒಂದರಾಗ ಮಿನಾರು.
ತಲಿ ತಿನ್ನಾಕ ಬರಂಗಿಲ್ಲ, ಮಿನಾರು ತಿನ್ನಾಕ ಬರಂಗಿಲ್ಲ.
ಅಚ್ಚೇರು ಜ್ವಾಳ ಹಾಕ್ರಿ."

ಸುಗ್ಗಿಯಲ್ಲಿ ಆರು, ಮಳೆಗಾಲದಲ್ಲಿ ಐದೂಮುಕ್ಕಾಲು.
ಹೊಳೆ ಏರಿದರೆ ವಟ್ಟವೂ ಏರುತ್ತಿತ್ತು.
ಯಾಕಜ್ಜಾ ಎಂದರೆ, "ಹೊಳೀನ ಕೇಳು."
ಬಹುಕಾಲದ ಮೇಲೆ ಇದನ್ನೇ ನಾನು
ನಲವತ್ತು ಪುಟ, ಮೂರು ಸಮೀಕರಣ ಮಾಡಿ ಬರೆದೆ.
ಅಡಿಟಿಪ್ಪಣಿಯಲ್ಲಿ ಅವನ ಹೆಸರಿತ್ತು.
ಆಧಾರವೇನೆಂದು ಕೇಳಿ ಸಂಪಾದಕರು ತೆಗೆದರು.

ಹಾಲಿ ಎಂದರೆ ಈಗಿನದು, ಚಾಲ್ತಿಯದು.
ನಾನು ಹುಟ್ಟಿದ ವರ್ಷ ಹಾಲಿ ಮಾಜಿಯಾಯಿತು.
ಕೊನೆಯ ದಿನದ ತನಕ ಅಜ್ಜ ಊರವರದ್ದೆಲ್ಲ ಬದಲಿಸಿಕೊಟ್ಟ,
ತನ್ನದೊಂದು ಚೀಲ ಉಳಿಯಿತು.
ಮರೆತನೋ, ಬೇಕೆಂದೇ ಇಟ್ಟುಕೊಂಡನೋ,
ಸಾಯುವ ತನಕ ಬಾಯಿ ಬಿಡಲಿಲ್ಲ.
ನಾನು ಎಣಿಸಲು ಕಲಿತದ್ದು ಆ ಚೀಲದಿಂದ,
ಎಲ್ಲೂ ನಡೆಯದ ಹಣದಲ್ಲಿ.

ಮುಂದೆ ಮುಂಬೈ, ಹದಿನೇಳನೆಯ ಮಹಡಿ, ಮೂವತ್ತೊಂದು ವರ್ಷ.
ನೋಟು ಅಚ್ಚು ಹಾಕುವವಳು ನಾನೇ ಎಂದು ಚಿಗವ್ವನ ನಂಬಿಕೆ:
"ಹೆಚ್ಚಿಗಿ ಬಿದ್ದದ್ದಿದ್ರ ಒಂದು ತಗೊಂಡು ಬಾರವ್ವ."
ನನ್ನ ಕೆಲಸ ಬೇರೆ. ಬರುವ ವರ್ಷ ಬೆಲೆ ಎಷ್ಟಾದೀತೆಂದು
ಜನ ಅಂದುಕೊಂಡಿದ್ದಾರೆ, ಅದನ್ನು ಅಳೆಯುವುದು.
ಬೆಲೆಯನ್ನಲ್ಲ, ಅಂದುಕೊಳ್ಳುವುದನ್ನು.
ಅಂದುಕೊಂಡರೆ ಸಾಕು, ಹಾಗೇ ಆಗಿಬಿಡುವ ಜಾತಿಯದು ಅದು,
ಕೂಸಿಗೆ ತಾಗುವ ದೃಷ್ಟಿಯ ಹಾಗೆ.

ಒಮ್ಮೆ ಪ್ರಶ್ನಾವಳಿ ಹಿಡಿದು ಈ ಸೀಮೆಗೇ ಬಂದೆ.
ಕಾರಟಗಿಯ ಗಿರಣಿಯಲ್ಲಿ ನುಚ್ಚು ಕೇರುತ್ತಿದ್ದ
ಹುಲಿಗೆಮ್ಮನನ್ನು ಕೇಳಿದೆ: ಮುಂದಿನ ವರ್ಷ
ಏರುತ್ತದೆಯೇ, ಇಳಿಯುತ್ತದೆಯೇ, ಹೀಗೇ ಇರುತ್ತದೆಯೇ?
ಅವಳು ಮೊರ ನಿಲ್ಲಿಸಲಿಲ್ಲ.
"ಹಿಂಗಽ ಇರೋದು ನನ್ನ ಕೂಲಿ ಒಂದಽ ನೋಡ್ರಿ."
ಆ ಉತ್ತರಕ್ಕೆ ನಮೂನೆಯಲ್ಲಿ ಚೌಕವಿರಲಿಲ್ಲ.
'ಗೊತ್ತಿಲ್ಲ' ಎಂಬಲ್ಲಿ ಗುರುತು ಹಾಕಿದೆ.
ಗೊತ್ತಿಲ್ಲದ್ದು ಯಾರಿಗೆ ಎಂದು ನಮೂನೆ ಕೇಳಿರಲಿಲ್ಲ.

ಹೇಳಿಕೊಳ್ಳುವಂಥದ್ದು ಒಂದಿದೆ. ಒಂದು ಆಗಸ್ಟು,
ರಾತ್ರಿ ಹನ್ನೊಂದೂವರೆ, ಬೆಳಗಿನ ಪ್ರಕಟಣೆಯ ಕರಡು:
ಬೆಲೆಗಳು ಬೇಗನೆ ತಗ್ಗಲಿವೆ.
ನಾನು 'ಬೇಗನೆ' ಹೊಡೆದುಹಾಕಿದೆ.
ಮೇಲಿನವರು ಮತ್ತೆ ಬರೆದರು, ಮತ್ತೆ ಹೊಡೆದೆ.
ಮೂರನೆಯ ಸಲಕ್ಕೆ ಎಲ್ಲರಿಗೂ ತೂಕಡಿಕೆ,
ಆ ಪದವಿಲ್ಲದೆಯೇ ಬೆಳಗಾಯಿತು.
ಪೇಟೆ ಅರ್ಧ ಗಂಟೆ ಕಕ್ಕಾಬಿಕ್ಕಿಯಾಗಿ ಸುಮ್ಮನಾಯಿತು.
ಮೂವತ್ತೊಂದು ವರ್ಷದ ಗಳಿಕೆ, ತೆಗೆದುಹಾಕಿದ ಒಂದು ಪದ.
ಬೆಲೆಗಳೇನೋ ತಗ್ಗಿದವು, ಎರಡು ವರ್ಷ ಹಿಡಿಯಿತು.

ಚಹಾದ ಹುಡುಗ ಬಂದ. ಹತ್ತರ ನಾಣ್ಯ ಕೊಟ್ಟೆ.
ತಿರುಗಿಸಿ ನೋಡಿ ಕೈಗೇ ಹಾಕಿದ: "ಇದು ನಡ್ಯಂಗಿಲ್ರಿ."
ನಡೆಯುತ್ತದಪ್ಪಾ, ಸುತ್ತೋಲೆ ಇದೆ, ಎಂದೆ.
ಆ ಸುತ್ತೋಲೆ ಬರೆದ ಕೋಣೆಯಲ್ಲಿ ನಾನಿದ್ದೆ ಎನ್ನಲಿಲ್ಲ.
"ಯಾರೂ ತಗೊಳಂಗಿಲ್ಲ, ಅದಕ ನಾನೂ ತಗೊಳಂಗಿಲ್ಲ."
ಬಂಡೆಗೆ ಬಡಿದು ತೋರಿಸಿದೆ. ನಾದವೇನೂ ಬರಲಿಲ್ಲ,
ಟಪ್ ಎಂದಿತು ಅಷ್ಟೆ.
ಅವನು ನಕ್ಕ. "ಎಂಟಕ್ಕಾದ್ರ ಹಿಡೀತೀನಿ ನೋಡ್ರಿ."

ನೀರು ಇನ್ನೂ ಏರುತ್ತಿತ್ತು.
ದರ ಮತ್ತೆ ಇಳಿಯುವ ಮೊದಲೇ
ಕೊಟ್ಟುಬಿಟ್ಟೆ.